ಹಳೆ ದಾಖಲೆಯ ‘ರಕ್ತದ ಮಳೆ’: ಮೊದಲು ಹನಿ ಬಿದ್ದ ಜಾಗ ನೋಡಿ

ಕೆಂಪು ಮಳೆ ಬಿತ್ತು ಅನ್ನುವುದನ್ನು ಹಳೆ ದಾಖಲೆಗಳಲ್ಲಿ ‘ರಕ್ತದ ಮಳೆ’ ಅಂತ ಬರೆದಿರುತ್ತಾರೆ. ಗೋಡೆ ಮೇಲೆ ಕೆಂಪು ಹನಿ, ಸೂರಿನ ಕೆಳಗೂ ಹನಿ ಅಂತ ನೀವು ಓದುತ್ತಿರುವ ದಾಖಲೆಯಲ್ಲಿ ಇದೆ ಅಂದ್ರೆ ಅದು ಮಳೆಯೇ ಅಲ್ಲದಿರಬಹುದು, ಗೂಡಿನಿಂದ ಹೊರಬಂದ ಚಿಟ್ಟೆಗಳು ಬಿಟ್ಟ ಕಲೆ ಇರಬಹುದು. ಬರೆದವರು ಸುಳ್ಳು ಹೇಳಿದ್ದಾರೆ ಅಂತ ಸುಮ್ನೆ ತಳ್ಳಿಹಾಕಬೇಡಿ. 1608ರಲ್ಲಿ ಫ್ರಾನ್ಸಿನ ಎಕ್ಸ್ ಪಟ್ಟಣದಲ್ಲಿ ಹೀಗೇ ಆಗಿತ್ತು. ಪೆಯ್ರೆಸ್ಕ್ ಎಂಬ ವಿದ್ವಾಂಸ ಪೆಟ್ಟಿಗೆಯಲ್ಲಿಟ್ಟಿದ್ದ ಗೂಡಿನಿಂದ ಚಿಟ್ಟೆ ಹೊರಬಂತು, ಒಳಗೆ ಒಂದು ಕೆಂಪು ಹನಿ ಉಳಿಯಿತು. ಊರಲ್ಲಿ ನೋಡಿದರೆ ಮಳೆ ತಾಗದ ಸಂದುಗಳಲ್ಲೂ ಅದೇ ಕಲೆ! ನನಗೆ ತುಂಬ ಇಷ್ಟವಾದ ಪತ್ತೇದಾರಿ ಇದು.

ಹಾಗಾಗಿ ಮೊದಲು ಜಾಗ ನೋಡಿ. ಬಯಲಲ್ಲೂ ಚಾವಣಿ ಮೇಲೂ ಒಂದೇ ಸಮ ಬಿದ್ದಿದ್ದರೆ ನಿಜವಾದ ಮಳೆ. ಆಮೇಲೆ ಒಣಗಿದ ಮೇಲೆ ಏನು ಉಳಿಯಿತು ಅಂತ ಬರೆದಿದೆಯಾ ಹುಡುಕಿ. ನುಣ್ಣನೆಯ ಕೆಂಪು ಮಣ್ಣಾದರೆ ಧೂಳು, ಯುರೋಪಿನಲ್ಲಾದರೆ ಜಾಸ್ತಿ ಸಲ ಸಹಾರಾದ್ದೇ. ವಸಂತದಲ್ಲಿ ಬಿದ್ದ ಹಳದಿ ‘ಗಂಧಕದ ಮಳೆ’ ಸಾಮಾನ್ಯವಾಗಿ ಪೈನ್ ಮರದ ಪರಾಗ. ಧೂಳಿಲ್ಲದೆಯೂ ಕೆಂಪಾಗುತ್ತದೆ, 2001ರ ಕೇರಳದ ಮಳೆಯಲ್ಲಿ ಸಿಕ್ಕಿದ್ದು ಪಾಚಿಯ ಬೀಜಕಣ.

ಹಿಮದ ವಿಷಯ ಬಂದರೆ ಕೆಂಪಾಗಿಯೇ ಬಿತ್ತಾ, ಬಿದ್ದ ಮೇಲೆ ಕೆಂಪಾಯ್ತಾ ಅಂತ ಗಮನಿಸಿ. 1818ರಲ್ಲಿ ಬ್ರಿಟಿಷ್ ನೌಕಾ ಅನ್ವೇಷಕ ಜಾನ್ ರಾಸ್ ಗ್ರೀನ್‌ಲ್ಯಾಂಡಿನಲ್ಲಿ ಕಂಡ ಕೆಂಪು ಹಿಮ ಆಕಾಶದಿಂದ ಬಂದದ್ದಲ್ಲ, ಹಿಮದಲ್ಲೇ ಬೆಳೆಯುವ ಪಾಚಿ.

ಕೊನೆಗೆ ತಿಂಗಳು ನೋಡಿ. 1582ಕ್ಕಿಂತ ಹಿಂದಿನ ಯುರೋಪಿನ ದಾಖಲೆಯಾದರೆ ಹಳೆ (ಜೂಲಿಯನ್) ಕ್ಯಾಲೆಂಡರ್ ಲೆಕ್ಕ, 1500ರ ನಂತರದ ದಿನಾಂಕಕ್ಕೆ 10 ದಿನ, ಅದಕ್ಕೂ ಹಿಂದಿನದಕ್ಕೆ ಇನ್ನೂ ಕಡಿಮೆ ದಿನ ಸೇರಿಸಿಕೊಂಡು ಚಿಟ್ಟೆ ಹೊರಬರುವ ಕಾಲಕ್ಕೆ ಹೋಲಿಸಿ.