ಕಾರುಬಾರು: ಷೋರೂಮ್ ಬೆಲೆ ಬೇರೆ, ಮನೆಗೆ ಬರುವ ಬೆಲೆ ಬೇರೆ

ಪ್ರ: ಮನೆಯಲ್ಲಿ ನಾಲ್ಕು ಜನ ಇದ್ದೇವೆ. ನಾನು ಆಫೀಸಿಗೆ ಲೋಕಲ್ ಟ್ರೈನಿನಲ್ಲೇ ಹೋಗುತ್ತೇನೆ. ಮೇ ತಿಂಗಳಲ್ಲಿ, ದೀಪಾವಳಿಗೆ ಉಡುಪಿಗೆ ಹೋಗಿಬರಲು ಅಂತ ಹದಿನಾಲ್ಕು ಲಕ್ಷದ ಪೆಟ್ರೋಲ್ ಎಸ್‌ಯುವಿ ನೋಡಿದ್ದೇನೆ. ಹೆಂಡತಿ ಸಣ್ಣ ಕಾರು ಸಾಕು ಅನ್ನುತ್ತಾಳೆ. ಬಿಲ್ಡಿಂಗಿನಲ್ಲಿ ಮಷಿನ್ ಮೇಲೆ ಒಂದರ ಮೇಲೊಂದು ಕಾರು ನಿಲ್ಲಿಸುವ ಸ್ಟ್ಯಾಕ್ ಪಾರ್ಕಿಂಗ್ ಇದೆ. (ಡೊಂಬಿವಲಿ)

ಉ: ನಿಮ್ಮ ಹೆಂಡತಿ ಹೇಳಿದ್ದೇ ಸರಿ. ವರ್ಷಕ್ಕೆ ಎರಡು ಸಲ ಊರಿಗೆ ಹೋಗುವುದನ್ನು ಲೆಕ್ಕ ಹಿಡಿದು ಕಾರು ಆರಿಸುವುದು ನಮ್ಮ ಮುಂಬೈ ಕನ್ನಡಿಗರ ಹಳೇ ಚಾಳಿ. ಉಳಿದ ಮುನ್ನೂರ ಚಿಲ್ಲರೆ ದಿನ ಅದು ಎಲ್ಲಿ ನಿಲ್ಲುತ್ತದೆ, ಯಾರು ಓಡಿಸುತ್ತಾರೆ ಅಂತ ಯಾರೂ ಕೇಳಿಕೊಳ್ಳುವುದಿಲ್ಲ. ಸ್ಟ್ಯಾಕ್ ಪಾರ್ಕಿಂಗ್ ಅಂದಿರಲ್ಲ, ಇವತ್ತೇ ಟೇಪ್ ಹಿಡಿದು ಕೆಳಗೆ ಇಳಿಯಿರಿ. ಕಾರು ನಿಲ್ಲುವ ಜಾಗದಿಂದ ಮೇಲಿನ ತಟ್ಟೆಯ ಅಡಿವರೆಗೆ ಎತ್ತರ ಎಷ್ಟಿದೆ, ಮಷಿನ್ ಎಷ್ಟು ಕೆಜಿ ಎತ್ತುತ್ತದೆ ಅಂತ ನೋಡಿ. ಎಲ್ಲರೂ ಸೆಡಾನ್ ತಗೊಳ್ಳುತ್ತಿದ್ದ ಕಾಲದಲ್ಲಿ ಹಾಕಿಸಿದ ಎಷ್ಟೋ ಸ್ಟ್ಯಾಕುಗಳಲ್ಲಿ ಎಸ್‌ಯುವಿ ಹೊಗುವುದೇ ಇಲ್ಲ. ಕಾರಿನ ಎತ್ತರ ನೋಡುವಾಗ ರೂಫ್ ರೇಲ್, ಆಂಟೆನಾ ಸೇರಿಸಿ ಅಳೆಯಿರಿ. ಬುಕಿಂಗ್ ದುಡ್ಡು ಕೊಟ್ಟ ಮೇಲೆ ಸೊಸೈಟಿ ಸೆಕ್ರೆಟರಿ ಹತ್ತಿರ ಜಗಳ ಆಡಿ ಪ್ರಯೋಜನ ಇಲ್ಲ.

ಇನ್ನು ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ದಾಟದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18 ಪರ್ಸೆಂಟ್. ಉದ್ದವೋ ಎಂಜಿನ್ನೋ ಆ ಗೆರೆ ದಾಟಿತೋ, ನೇರ 40. ಇದು ಎಕ್ಸ್-ಷೋರೂಮ್ ಬೆಲೆಯಲ್ಲೇ ಸೇರಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೆ ಮಹಾರಾಷ್ಟ್ರದ ರೋಡ್ ಟ್ಯಾಕ್ಸ್. ಸ್ವಂತ ಹೆಸರಿನ ಪೆಟ್ರೋಲ್ ಕಾರಿಗೆ ಹತ್ತು ಲಕ್ಷದವರೆಗೆ 11 ಪರ್ಸೆಂಟ್, ಹತ್ತು ದಾಟಿ ಇಪ್ಪತ್ತರವರೆಗೆ 12. ನಿಮ್ಮ ಹದಿನಾಲ್ಕು ಲಕ್ಷಕ್ಕೆ ಅದೇ 1.68 ಲಕ್ಷ ಆಯಿತು. ಹತ್ತು ಲಕ್ಷ ದಾಟಿದ ಕಾರಿಗೆ 1 ಪರ್ಸೆಂಟ್ ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ಇನ್‌ಕಮ್ ಟ್ಯಾಕ್ಸ್, ಬೇರೆ ಹಿಡಿಯುತ್ತಾರೆ. ಇದು ಮಾತ್ರ ಕೈಬಿಟ್ಟು ಹೋದ ದುಡ್ಡಲ್ಲ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಹಿಡಿಯಬಹುದು. ತುಂಬಾ ಜನ ಮರೆತೇ ಬಿಡುತ್ತಾರೆ.

ಕೊಟೇಶನ್ ಹಾಳೆಯ ಕೆಳಗೆ ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಯಾವುದೋ ಕಿಟ್ ಅಂತ ಬರೆದಿರುತ್ತಾರಲ್ಲ, ಅದಕ್ಕೆ ಪೆನ್ನಿನಲ್ಲಿ ಅಡ್ಡಗೆರೆ ಎಳೆದು ವಾಪಸ್ ಕೊಡಿ. ಸೇಲ್ಸ್ ಹುಡುಗ ಮುಖ ಸಪ್ಪೆ ಮಾಡಿಕೊಂಡು ಮ್ಯಾನೇಜರ್ ಹತ್ತಿರ ಹೋಗಿ ಬರುತ್ತಾನೆ. ಹೋಗಲಿ ಬಿಡಿ, ಅದು ಅವನ ಕೆಲಸ. ಡೀಲರ್ ಹತ್ತಿರವೇ ಇನ್ಶೂರೆನ್ಸ್ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ, ಹೊರಗೆ ಎರಡು ಕಡೆ ವಿಚಾರಿಸಿ. ಎಲ್ಲಿ ಮಾಡಿಸಿದರೂ ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಬಿಡಬೇಡಿ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಗಾಡಿ ಬಂದ್ ಬಿದ್ದು, ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ನಿಗೆ ನೀರು ಎಳೆದುಕೊಂಡರೆ ಬರೀ ಝೀರೋ ಡೆಪ್ (ಬಿಡಿಭಾಗಗಳ ಸವಕಲು ಕಳೆಯದೆ ದುಡ್ಡು ಕೊಡುವ ಕವರ್) ಇಟ್ಟುಕೊಂಡವರಿಗೆ ಆ ಖರ್ಚು ಸಿಗುವುದಿಲ್ಲ.

ಉಡುಪಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಇದೆ. ಅಲ್ಲಿ ಇಳಿದು ನಾಲ್ಕು ದಿನಕ್ಕೆ ಕಾರು ಬಾಡಿಗೆಗೆ ಹಿಡಿಯಿರಿ.

ಪ್ರ: ಬೆಳಗಾವಿಯಿಂದ ಅಪ್ಪನ ಕೆಎ-22 ಕಾರು ತಂದು ಎಂಟು ತಿಂಗಳಾಯಿತು. ಆರು ವರ್ಷದ ಗಾಡಿ. ಎಂಎಚ್ ನಂಬರ್ ಮಾಡಿಸಲೇಬೇಕಾ? ಬಿಎಚ್ ಸೀರೀಸ್ ಸಿಗುತ್ತದಾ? (ವಾಕಡ್, ಪುಣೆ)

ಉ: ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಹಾಕಿಸಬೇಕು, ಕಾನೂನು ಇರುವುದೇ ಹಾಗೆ. ನಡುವೆ ಊರಿಗೆ ಹೋಗಿ ಬರುತ್ತಿದ್ದರೆ ಟೋಲ್ ರಸೀದಿ ಗಾಡಿಯಲ್ಲೇ ಇಟ್ಟುಕೊಳ್ಳಿ, ಪೊಲೀಸರು ನಿಲ್ಲಿಸಿದಾಗ ತೋರಿಸಲು ಆಗುತ್ತದೆ. ನಂಬರ್ ಬದಲಿಸುವುದಾದರೆ ಮೊದಲು ಬೆಳಗಾವಿ ಆರ್‌ಟಿಓದಿಂದ ಫಾರಂ 28ರಲ್ಲಿ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತನ್ನಿ, ಸಾಲ ಬಾಕಿ ಇದ್ದರೆ ಬ್ಯಾಂಕಿನದ್ದೂ ಬೇಕು. ಆಮೇಲೆ ಇಲ್ಲಿ ಟ್ಯಾಕ್ಸ್ ಕಟ್ಟಬೇಕು. ವಾಕಡ್ ಅಂದರೆ ನಿಮಗೆ ಪಿಂಪ್ರಿ-ಚಿಂಚವಾಡದ ಎಂಎಚ್-14 ಬರುತ್ತದೆ. ಅದಾದ ಮೇಲೆ ಕರ್ನಾಟಕದಲ್ಲಿ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ಪಾಲು ವಾಪಸ್ ಕೇಳಬಹುದು. ಕೇಳಬಹುದು ಅಂದೆ, ಕೈಗೆ ಬರುವಷ್ಟರಲ್ಲಿ ಚಪ್ಪಲಿ ಸವೆಯುತ್ತದೆ.

ಬಿಎಚ್ ಅಂದರೆ ರಾಜ್ಯ ಬದಲಿಸಿದರೂ ಮತ್ತೆ ನಂಬರ್ ಬದಲಿಸಬೇಕಿಲ್ಲದ ಭಾರತ್ ಸೀರೀಸ್, ಅದು ಎಲ್ಲರಿಗೂ ಸಿಗುವುದಿಲ್ಲ. ಸರ್ಕಾರಿ, ರಕ್ಷಣಾ, ಪಿಎಸ್‌ಯು ನೌಕರರಿಗೆ, ಇಲ್ಲವೇ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸು ಇರುವ ಖಾಸಗಿ ಕಂಪನಿಯವರಿಗೆ. ಕಾರು ಬೇರೆ ಅಪ್ಪನ ಹೆಸರಿನಲ್ಲಿದೆ, ಮೊದಲು ನಿಮ್ಮ ಹೆಸರಿಗೆ ಮಾಡಿಸಬೇಕು. ಪುಣೆಯಲ್ಲಿ ಇನ್ನೂ ಮೂರು ನಾಲ್ಕು ವರ್ಷ ಇರುವುದು ಗ್ಯಾರಂಟಿ ಇದ್ದರೆ ಈ ಓಡಾಟ ಮಾಡಿ. ಇಲ್ಲದಿದ್ದರೆ ಗಾಡಿ ಅಪ್ಪನಿಗೇ ಬಿಟ್ಟು ಬನ್ನಿ, ಇಲ್ಲಿ ಇಲ್ಲಿನದ್ದೇ ಒಂದು ಸೆಕೆಂಡ್ ಹ್ಯಾಂಡ್ ನೋಡಿ.

ಅಂದ ಹಾಗೆ, 2025ರಲ್ಲಿ 3000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬೆಳಗಾವಿ ದಾರಿಗೆ ಒಳ್ಳೆಯದು. ಖೇಡ್ ಶಿವಾಪುರ, ಕೊಗನೊಳ್ಳಿ ಎಲ್ಲ ರಾಷ್ಟ್ರೀಯ ಹೆದ್ದಾರಿಯ ಟೋಲುಗಳು. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ರಾಜ್ಯದ್ದು, ಅಲ್ಲಿ ಈ ಪಾಸ್ ನಡೆಯುವುದಿಲ್ಲ.

ಪ್ರ: ರೆಂಟ್-ಎ-ಕ್ಯಾಬ್‌ನಲ್ಲಿ ಓಡಿದ ಮೂರು ವರ್ಷದ ಹ್ಯಾಚ್‌ಬ್ಯಾಕ್, ಮಾರ್ಕೆಟ್ಟಿಗಿಂತ ಒಂದು ಲಕ್ಷ ಕಡಿಮೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ತಗೊಳ್ಳಲಾ? (ಮಡಗಾಂವ್)

ಉ: ಸುಮ್ನೆ ತಗೊಳ್ಳಬೇಡಿ. ಕಪ್ಪು ಪ್ಲೇಟು, ಹಳದಿ ಅಕ್ಷರದ ಗಾಡಿ ಅದು, ಅಂದರೆ ಬಾಡಿಗೆಗೆ ಕೊಡಲು ನೋಂದಾಯಿಸಿದ್ದು. ಖಾಸಗಿ ನೋಂದಣಿಗೆ ಬದಲಿಸುವ ಕೆಲಸ ಮಾರುವವರೇ ಮುಗಿಸಿ ಕೊಡಲಿ, 'ಆಮೇಲೆ ಮಾಡಿಸಿಕೊಳ್ಳಿ' ಅಂದರೆ ಎದ್ದು ಬನ್ನಿ. ನೋಡಲು ಹೋದಾಗ ಪಾಲಿಶ್ ನೋಡಬೇಡಿ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಹೊರಗೆ ತೆಗೆಯಿರಿ, ಆ ಗುಂಡಿಯಲ್ಲಿ ಬೀಚಿನ ಮರಳು, ತುಕ್ಕು ಎರಡೂ ಸಿಗುತ್ತವೆ. ಮುಂದಿನ ಸೀಟು ಜಾರುವ ಕಬ್ಬಿಣದ ಹಳಿಗೆ ಬೆರಳು ಹಾಕಿ ಎಳೆಯಿರಿ, ಕೆಂಪು ಪುಡಿ ಬಂತೋ, ಒಳಗೆ ನೀರು ನಿಂತಿತ್ತು ಅಂತ ಅನುಮಾನ ಪಡಿ. ಬಾಗಿಲಿನ ಕೆಳಅಂಚಿನ ರಬ್ಬರ್ ಸರಿಸಿ ನೋಡಿ. ಏರಿನಲ್ಲಿ ಓಡಿಸುವಾಗ ಎಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ, ಬಾಡಿಗೆ ಕಾರನ್ನು ಯಾರೂ ಸ್ವಂತದ್ದು ಅಂತ ಓಡಿಸುವುದಿಲ್ಲ ನೋಡಿ. ಒಂದು ಲಕ್ಷ ಸಾಲದು, ಎರಡು ಇಳಿಸಿದರೆ ಮಾತಾಡಿ.

ಪ್ರ: ಬಿಳಿಯೋ ಕಪ್ಪೋ? (ಘಾಟ್‌ಕೋಪರ್)

ಉ: ನಾಲ್ಕೈದು ವರ್ಷಕ್ಕೆ ಮಾರುವವರಾದರೆ ಬಿಳಿ. ಇಟ್ಟುಕೊಳ್ಳುವವರು ಮನಸ್ಸಿಗೆ ಬಂದದ್ದು ತಗೊಳ್ಳಿ.

ಪ್ರ: ನನ್ನದು ಎಂಟು ವರ್ಷದ ಸೆಡಾನ್. ಪಾಲಿಸಿಯಲ್ಲಿ ಐಡಿವಿ ನಾಲ್ಕು ಲಕ್ಷ ಇದೆ. ಮನೆಗೇ ಬಂದು ಪರೀಕ್ಷೆ ಮಾಡಿದ, ಹಳೇ ಕಾರು ಕೊಳ್ಳುವ ಕಂಪನಿಯವರು ಎರಡೂಮುಕ್ಕಾಲು ಅನ್ನುತ್ತಾರೆ. ಮೋಸ ಅಲ್ವಾ? (ವಾಶಿ)

ಉ: ಮೋಸ ಅಲ್ಲ, ಆದರೆ ಕಡಿಮೆಯೇ. ಐಡಿವಿ ಅಂದರೆ ಗಾಡಿ ಕಳುವಾದರೆ ಇನ್ಶೂರೆನ್ಸಿನವರು ಕೊಡುವ ಮೊತ್ತ, ಮಾರ್ಕೆಟ್ ಬೆಲೆ ಅಲ್ಲ. ಐದು ವರ್ಷದವರೆಗೆ ಅದಕ್ಕೊಂದು ಪಟ್ಟಿ ಇದೆ, ನಾಲ್ಕರಿಂದ ಐದನೇ ವರ್ಷಕ್ಕೆ 50 ಪರ್ಸೆಂಟ್ ಕಳೆಯುತ್ತಾರೆ. ಆಮೇಲೆ ನೀವೂ ಇನ್ಶೂರೆನ್ಸ್ ಕಂಪನಿಯೂ ಒಪ್ಪಿದ್ದೇ ಲೆಕ್ಕ. ಮನೆಗೆ ಬರುವವರು ತಮ್ಮ ಲಾಭ, ರಿಪೇರಿ ಖರ್ಚು ಎರಡನ್ನೂ ಮೊದಲೇ ಕಳೆದು ಹೇಳುತ್ತಾರೆ. ಹೊಸ ಸಣ್ಣ ಕಾರುಗಳ ಜಿಎಸ್‌ಟಿ ಇಳಿದ ಮೇಲೆ ಹಳೆಯವಕ್ಕೂ ಮೊದಲಿನ ಬೆಲೆ ಕೇಳಲು ಆಗುವುದಿಲ್ಲ, ಸೆಡಾನ್ ಅಂತೂ ಕೇಳುವವರೇ ಕಡಿಮೆ. ಸೊಸೈಟಿಯಲ್ಲಿ, ಆಫೀಸಿನಲ್ಲಿ ಹೇಳಿಡಿ. ಸರ್ವೀಸ್ ದಾಖಲೆ ಪೂರ್ತಿ ಇದ್ದರೆ ಮೂರೂಕಾಲಕ್ಕೆ ನಿಲ್ಲಿ, ಮೂರಕ್ಕೆ ಕೊಡಿ.

ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಇನ್ಶೂರೆನ್ಸ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಕಾರಿನ ಜೊತೆ ಬಿಟ್ಟುಕೊಡಬೇಡಿ. ಅದು ನಿಮ್ಮದು, ಕಾರಿನದ್ದಲ್ಲ. ಐದು ವರ್ಷ ಕ್ಲೇಮ್ ಮಾಡದಿದ್ದರೆ 50 ಪರ್ಸೆಂಟ್ ಆಗುತ್ತದೆ, ಪತ್ರ ಮಾಡಿಸಿಟ್ಟುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿನ ಪಾಲಿಸಿಗೆ ಹಾಕಬಹುದು.

ಕೊನೆಗೆ ಕಾಗದ. ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ ಹಾಕಿ, ಕೀ ಕೊಟ್ಟು, ಮುಗಿಯಿತು ಅಂತ ಮರೆತುಬಿಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರ ಅವರ ತಲೆಗೇ ಬರುತ್ತದೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಬದಲಾಗುವವರೆಗೆ ಸರ್ಕಾರದ ಪರಿವಾಹನ್ ಸೈಟಿನಲ್ಲಿ ಆಗಾಗ ನೋಡುತ್ತಿರಿ, ಫಾಸ್ಟ್ಯಾಗನ್ನು ಕೀ ಕೊಡುವ ದಿನವೇ ಬಂದ್ ಮಾಡಿಸಿ.