ಇಂಬೆಲಿಸ್ ಬೆಟ್ಟಾ ಅಡಗಿ ಕೂತು ಊಟ ಬಿಟ್ಟಿದ್ದರೆ

ನಿಮ್ಮ ಟ್ಯಾಂಕಿನ ಇಂಬೆಲಿಸ್ ಬೆಟ್ಟಾ (ಫೈಟರ್ ಮೀನಿನ ಹತ್ತಿರದ ಜಾತಿ) ಜೋಡಿ ಫಿಲ್ಟರ್ ಹಿಂದೆ ಅಡಗಿ ಊಟ ಬಿಟ್ಟಿದೆ ಎಂದು ಕೇಳಿದ್ದೀರಿ. ಕಾರಣ ಬಹುಶಃ ಜೊತೆಗಿರುವ ಟೈಗರ್ ಬಾರ್ಬ್ ಎಂಬ ಪಟ್ಟೆ ಮೀನುಗಳೇ. ಅವು ರೆಕ್ಕೆ ಕಚ್ಚುತ್ತವೆ, ಊಟವನ್ನೂ ಮೊದಲೇ ಮುಗಿಸಿಬಿಡುತ್ತವೆ. ಮೊದಲು ಅವನ್ನು ಬೇರೆ ಟ್ಯಾಂಕಿಗೆ ಹಾಕಿ. ಆಮೇಲೆ ಫಿಲ್ಟರಿನ ರಭಸ ತಗ್ಗಿಸಿ. ಥಾಯ್ಲೆಂಡ್, ಮಲೇಷ್ಯಾದ ಗದ್ದೆ, ಜೌಗುಗಳ ನಿಂತ ನೀರಿನ ಮೀನು ಇಂಬೆಲಿಸ್. ನೀರಿನ ಮೇಲೆ ಸಾಲ್ವಿನಿಯಾ ಎಂಬ ತೇಲುವ ಗಿಡ ಬಿಡಿ, ಆದರೆ ಪೂರ್ತಿ ತುಂಬಲು ಬಿಡಬೇಡಿ. ಗಾಳಿ ಉಸಿರಾಡಲು ಮೀನು ಮೇಲೆ ಬರಬೇಕಲ್ವಾ? ಒಣಗಿ ಉದುರಿದ ಕಾಡುಬಾದಾಮಿ ಎಲೆ ಒಂದೆರಡು ತೊಳೆದು ಹಾಕಿ. ಅಡಗಲು ಜಾಗವಾಗುತ್ತದೆ. ಇದಕ್ಕೆ ಅಂಗಡಿಯಲ್ಲಿ ಸುಮ್ನೆ ದುಡ್ಡು ಸುರಿಯಬೇಡಿ. ಸದ್ಯ ಪೆಲೆಟ್ (ಒಣ ಕಾಳಿನ ಆಹಾರ) ನಿಲ್ಲಿಸಿ, ಸಂಜೆ ಫ್ರೋಜನ್ ಬ್ಲಡ್‌ವರ್ಮ್ (ಕೆಂಪು ಹುಳು) ಕೊಡಿ. ಮುಚ್ಚಳದಲ್ಲಿ ಸಂದಿ ಇರದಂತೆ ನೋಡಿಕೊಳ್ಳಿ, ಹಾರುವುದರಲ್ಲಿ ಇವು ನಿಸ್ಸೀಮ. ವಾರವಾದರೂ ತಿನ್ನದಿದ್ದರೆ ಕಾಯಿಲೆ ಇರಬಹುದು. ಫೋಟೋ ಇಲ್ಲದೆ ಅದನ್ನು ಹೇಳಲಾರೆ, ಒಂದು ಹಾಕಿ.