ಕ್ರೆಡಿಟ್ ಹಾಕಿದ್ರೆ ಸಾಕಾ? ಫ್ಯಾನ್‌ಗಳು ಮಾಡಿದ ಗೇಮ್ ಕಂಟೆಂಟ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಲ ಮಾಡ್, ಅಂದ್ರೆ ಗೇಮನ್ನ ಬದಲಾಯಿಸೋಕೆ ಆಡೋರೇ ಮಾಡಿದ ಫೈಲು, ಅದನ್ನ ಇನ್‌ಸ್ಟಾಲ್ ಮಾಡೋದು ಹೇಗೆ ಅಂತ ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇನ್‌ಸ್ಟಾಲ್ ಬಗ್ಗೆ ಅಲ್ವೇ ಅಲ್ಲ, ಬೇರೆಯವ್ರು ಮಾಡಿದ್ದನ್ನ ನಾವು ಮತ್ತೆ ಹಾಕ್ಬಹುದಾ, ಹಾಕಿದ್ರೆ ಏನಾಗುತ್ತೆ, ಯಾರನ್ನ ಕೇಳ್ಬೇಕು ಅನ್ನೋದೇ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಇಟ್ಟಿದೀನಿ.

ಪ್ರಶ್ನೆ: ಸರ್, ನಾನು ಒಂದು ಗೇಮ್ ಫ್ಯಾನ್ ಪೇಜ್ ನಡೆಸ್ತೀನಿ. ಚೆನ್ನಾಗಿರೋ ಫ್ಯಾನ್ ಆರ್ಟ್ ಸಿಕ್ಕಿದ್ರೆ ಡೌನ್‌ಲೋಡ್ ಮಾಡಿ ಹಾಕಿ ಕೆಳಗೆ ‘ಕ್ರೆಡಿಟ್ ಮೂಲ ಕಲಾವಿದರಿಗೆ’ ಅಂತ ಬರೀತೀನಿ. ಮೊನ್ನೆ ಒಬ್ರು ಇದು ನಂದು, ತೆಗೀರಿ ಅಂತ ಮೆಸೇಜ್ ಮಾಡಿದ್ರು. ನಾನು ದುಡ್ಡೇನೂ ಮಾಡ್ತಿಲ್ಲ, ಅವ್ರಿಗೇ ಪುಕ್ಕಟೆ ಪ್ರಚಾರ ಸಿಗ್ತಿದೆ. ತಪ್ಪೇನು?

ಉತ್ತರ: ಮೊದ್ಲು ತೆಗೀರಿ, ವಾದ ಆಮೇಲೆ ಮಾಡೋಣ.

‘ಮೂಲ ಕಲಾವಿದರಿಗೆ’ ಅಂದ್ರೆ ಯಾರಿಗೆ ಸ್ವಾಮಿ? ಹೆಸರಿಲ್ಲ, ಲಿಂಕಿಲ್ಲ, ಓದಿದವ್ರಿಗೆ ಗೊತ್ತಾಗೋದು ಚಿತ್ರ ನಿಮ್ದಲ್ಲ ಅನ್ನೋದು ಮಾತ್ರ. ಕ್ರೆಡಿಟ್ ಅಂದ್ರೆ ಅವ್ರು ಆನ್‌ಲೈನ್‌ನಲ್ಲಿ ಬಳಸೋ ಹೆಸರು, ಚಿತ್ರ ಮೊದ್ಲು ಹಾಕಿದ ಜಾಗದ ಲಿಂಕು, ಅದೂ ಪೋಸ್ಟಲ್ಲೇ ಕಾಣೋ ಹಾಗೆ, ನೂರು ಕಾಮೆಂಟ್ ಕೆಳಗೆ ಅಲ್ಲ. ಮೂಲೇಲಿರೋ ಸಹಿ ಕ್ರಾಪ್ ಮಾಡಿ ಆಮೇಲೆ ಕ್ರೆಡಿಟ್ ಬರೆಯೋರೂ ಇದಾರೆ, ಅವ್ರಿಗೆ ಏನ್ ಹೇಳೋದೋ ಗೊತ್ತಾಗಲ್ಲ.

ಆದ್ರೆ ಕ್ರೆಡಿಟ್ ಸರಿಯಾಗಿ ಹಾಕಿದ್ರೂ ಅದು ಪರ್ಮಿಷನ್ ಆಗಲ್ಲ. ಯಾರು ಮಾಡಿದ್ದು ಅಂತ ಹೇಳೋದು ಒಂದು, ಹಾಕ್ಬಹುದಾ ಅಂತ ಕೇಳೋದು ಇನ್ನೊಂದು. ಪಿಕ್ಸಿವ್‌ನಲ್ಲಿ, 2007ರಿಂದ ನಡೀತಿರೋ ಜಪಾನಿನ ಚಿತ್ರದ ಸೈಟ್ ಅದು, ಎಷ್ಟೋ ಕಲಾವಿದರ ಪ್ರೊಫೈಲಲ್ಲಿ ‘ಕೇಳದೆ ಬೇರೆ ಕಡೆ ಹಾಕ್ಬೇಡಿ’ ಅಂತ ನೇರವಾಗಿ ಬರೆದಿರುತ್ತೆ, ಆದ್ರೂ ಫ್ಯಾನ್ ಪೇಜ್‌ಗಳಿಗೆ ಹೆಚ್ಚು ಚಿತ್ರ ಬರೋದು ಅಲ್ಲಿಂದ್ಲೇ.

ಪ್ರಚಾರದ ಮಾತು ಹೇಳಿದ್ರಿ. ಶೇರ್ ಬಟನ್ ಒತ್ತಿದ್ರೆ ನಿಜವಾಗ್ಲೂ ಪ್ರಚಾರಾನೇ, ಯಾಕಂದ್ರೆ ಪೋಸ್ಟ್ ಅವ್ರದ್ದೇ ಆಗಿರುತ್ತೆ, ಲೈಕು ಕಾಮೆಂಟು ಅವ್ರಿಗೇ ಹೋಗುತ್ತೆ, ನಾಳೆ ಅವ್ರು ಡಿಲೀಟ್ ಮಾಡಿದ್ರೆ ನಿಮ್ಮ ಪೇಜಿಂದ್ಲೂ ಹೋಗುತ್ತೆ. ಡೌನ್‌ಲೋಡ್ ಮಾಡಿ ಮತ್ತೆ ಹಾಕಿದ್ರೆ ಇದ್ಯಾವ್ದೂ ಇಲ್ಲ, ಚಿತ್ರದ ಕ್ವಾಲಿಟಿ ಕೆಡುತ್ತೆ, ‘ನಂಗೂ ಒಂದು ಬರೆದುಕೊಡ್ತೀರಾ, ಎಷ್ಟಾಗುತ್ತೆ’ ಅಂತ ಕೇಳೋರು ನಿಮ್ಮ ಇನ್‌ಬಾಕ್ಸಿಗೆ ಬರ್ತಾರೆ. ಅದೂ ಅಲ್ದೆ ಎಲ್ರಿಗೂ ಪ್ರಚಾರ ಬೇಕು ಅಂತಾನೂ ಇಲ್ಲ. ಮನೆಯವ್ರಿಗೆ, ಆಫೀಸಲ್ಲಿ ಗೊತ್ತಾಗ್ಬಾರ್ದು ಅಂತ ಬೇರೆ ಹೆಸರಲ್ಲಿ ಬರೆಯೋರಿದಾರೆ.

ಯಾರದ್ದು ಅಂತ ಗೊತ್ತಿಲ್ದಿದ್ರೆ ಗೂಗಲ್ ಲೆನ್ಸ್, ಟಿನ್‌ಐ, ಸಾಸ್‌ನಾವ್ ಇವುಗಳಲ್ಲಿ ಚಿತ್ರ ಹಾಕಿ ಹುಡುಕಿ, ಆದ್ರೆ ಮೊದಲು ಸಿಕ್ಕಿದ್ದೇ ಮೂಲ ಅಂದ್ಕೋಬೇಡಿ, ಅದೂ ಇನ್ಯಾವ್ದೋ ಫ್ಯಾನ್ ಪೇಜ್ ಆಗಿರ್ಬಹುದು. ಸಿಕ್ಕಿದ್ಮೇಲೆ ಎರಡು ಸಾಲು ಸಾಕು: ಯಾವ ಚಿತ್ರ, ಎಲ್ಲಿ ಹಾಕ್ತೀನಿ, ನಿಮ್ಮ ಹೆಸರು ಲಿಂಕು ಇರುತ್ತೆ, ಬೇಡ ಅಂದ್ರೆ ಹಾಕಲ್ಲ. ಉತ್ತರ ಬರ್ಲಿಲ್ವಾ, ಹಾಕ್ಬೇಡಿ. ಮೌನಂ ಸಮ್ಮತಿ ಲಕ್ಷಣಂ ಇಲ್ಲಿ ನಡಿಯಲ್ಲ.

ಪ್ರಶ್ನೆ: ಕ್ಯಾರೆಕ್ಟರ್ ಕಂಪನಿದು, ಗೇಮ್ ಕಂಪನಿದು. ಫ್ಯಾನ್ ಕೂಡ ಕಂಪನೀನ ಕೇಳಿ ಮಾಡಿಲ್ಲ ತಾನೆ? ಅವ್ನೇ ತಗೊಳ್ದೇ ಇರೋ ಪರ್ಮಿಷನ್ನ ನಾನ್ಯಾಕೆ ಅವ್ನ ಹತ್ರ ತಗೋಬೇಕು?

ಉತ್ತರ: ಬಂದಿದ್ರಲ್ಲಿ ನಂಗೆ ತುಂಬಾ ಇಷ್ಟ ಆದ ಪ್ರಶ್ನೆ ಇದು, ಸ್ವಲ್ಪ ಕಿಲಾಡಿ ಪ್ರಶ್ನೆ.

ಇಲ್ಲಿ ಇಬ್ರು ಇದಾರೆ, ಕಂಪನಿ ಒಂದು ಕಡೆ, ಫ್ಯಾನ್ ಒಂದು ಕಡೆ. ಮನೆ ಬಾಡಿಗೆದಾದ್ರೂ ಒಳಗಿರೋ ಮಂಚ ಬಾಡಿಗೆಗಿರೋರದ್ದು, ಓನರ್ ಹತ್ರ ಅವ್ರಿಗೇನೋ ತಕರಾರಿದೆ ಅಂತ ನೀವು ಹೋಗಿ ಮಂಚ ಎತ್ಕೊಂಡು ಬರೋ ಹಾಗಿಲ್ಲ. ಕಾನೂನಲ್ಲಿ ಫ್ಯಾನ್ ಸ್ಥಿತಿ ಅಷ್ಟು ಗಟ್ಟಿ ಇಲ್ಲ ಅನ್ನೋದು ನಿಜ. ಅಮೆರಿಕದ ಕಾನೂನಿನಲ್ಲಂತೂ ಮೂಲ ಕೃತಿನ ಅಕ್ರಮವಾಗಿ ಬಳಸಿದ ಭಾಗಕ್ಕೆ ರಕ್ಷಣೆ ಸಿಗಲ್ಲ ಅಂತಾನೇ ಇದೆ. ಆದ್ರೆ ಅವ್ರಿಗೆ ಹಕ್ಕು ಕಮ್ಮಿ ಇದ್ರೆ ನಿಮಗೆ ಜಾಸ್ತಿ ಆಗಲ್ವಲ್ಲ. ನಿಮ್ಮ ಹತ್ರ ಕಂಪನಿ ಪರ್ಮಿಷನ್ನೂ ಇಲ್ಲ, ಫ್ಯಾನ್‌ದೂ ಇಲ್ಲ.

ಇದಕ್ಕೆ ಒಂದು ಹಳೇ ಕೇಸಿದೆ. ಡ್ಯೂಕ್ ನ್ಯೂಕೆಮ್ ತ್ರೀಡಿ ಗೇಮ್ ಜೊತೆ ಲೆವೆಲ್ ಎಡಿಟರ್ ಬರ್ತಿತ್ತು, ಆಡೋರು ತಾವೇ ಲೆವೆಲ್ ಮಾಡಿ ಇಂಟರ್ನೆಟ್ಟಲ್ಲಿ ಫ್ರೀಯಾಗಿ ಹಾಕ್ತಿದ್ರು, ಕಂಪನಿನೂ ಫ್ರೀ ಇದ್ರೆ ಓಕೆ ಅಂದಿತ್ತು. ಮೈಕ್ರೋ ಸ್ಟಾರ್ ಅನ್ನೋ ಇನ್ನೊಂದು ಕಂಪನಿ ಅಂಥ 300 ಲೆವೆಲ್ ಡೌನ್‌ಲೋಡ್ ಮಾಡಿ, ಸಿಡಿಗೆ ಹಾಕಿ, ಮಾರೋಕೆ ಶುರು ಮಾಡ್ತು. 1998ರಲ್ಲಿ ಅಮೆರಿಕದ ಅಪೀಲು ಕೋರ್ಟು ಗೇಮ್ ಕಂಪನಿ ಪರವಾಗಿ ನಿಂತು, ಆ ಲೆವೆಲ್‌ಗಳು ಗೇಮ್ ಕಥೆಯ ಮುಂದುವರಿಕೆ ಇದ್ದ ಹಾಗೆ, ಮಾರೋ ಹಾಗಿಲ್ಲ ಅಂತು. ನಂಗೆ ಅದ್ರಲ್ಲಿ ಕಾಡೋದು ಏನಂದ್ರೆ, ಜಗಳ ಇದ್ದಿದ್ದು ಕಂಪನಿ ಕಂಪನಿ ಮಧ್ಯೆ, ರಾತ್ರಿ ನಿದ್ದೆಗೆಟ್ಟು 300 ಲೆವೆಲ್ ಕಟ್ಟಿದವ್ರು ಅಲ್ಲಿ ಪಾರ್ಟಿನೇ ಅಲ್ಲ.

ಈಗ ಒಂದೊಂದು ಕಂಪನಿ ಒಂದೊಂದು ಥರ. ಮೈನ್‌ಕ್ರಾಫ್ಟ್ ಜಾವಾ ಎಡಿಷನ್‌ಗೆ ನೀವು ಮೊದಲಿಂದ ಬರೆದ ಮಾಡ್ ನಿಮ್ದೇ, ದುಡ್ಡಿಗೆ ಮಾರ್ಬೇಡಿ ಅಷ್ಟೆ. ಬ್ಲಿಝಾರ್ಡ್ ಕಂಪನಿ 2020ರಲ್ಲಿ ತನ್ನ ಹಳೇ ಗೇಮ್ ವಾರ್‌ಕ್ರಾಫ್ಟ್ ತ್ರೀನ ರೀಫೋರ್ಜ್ಡ್ ಅಂತ ಹೊಸ ರೂಪದಲ್ಲಿ ಬಿಟ್ಟಾಗ ಆಡೋರು ಮಾಡಿದ ಕಸ್ಟಮ್ ಗೇಮ್ ಎಲ್ಲಾ ಕಂಪನಿ ಸ್ವತ್ತು ಅಂತ ಬರ್ಕೊಂಡ್ತು. ಡೋಟಾ ಅನ್ನೋ ಗೇಮ್ ಹುಟ್ಟಿದ್ದು ವಾರ್‌ಕ್ರಾಫ್ಟ್ ತ್ರೀಗೆ ಫ್ಯಾನ್‌ಗಳು ಮಾಡಿದ ಮ್ಯಾಪ್ ಆಗಿ, ಆಮೇಲೆ ಅದು ವಾಲ್ವ್ ಕಂಪನಿ ಕೈಗೆ ಹೋಯ್ತು, ಆ ಹೊಟ್ಟೆಉರಿ ಇನ್ನೂ ಆರಿಲ್ಲ ಅಂತ ಕಾಣುತ್ತೆ. ಹಾಗಾಗಿ ರೀಶೇರ್ ಮಾಡೋ ಮುಂಚೆ ಎರಡು ಕಡೆ ಓದ್ಬೇಕು, ಕಂಪನಿ ಪಾಲಿಸಿ ಒಂದು, ಫ್ಯಾನ್ ಪುಟ ಒಂದು.

ಪ್ರಶ್ನೆ: ಅಣ್ಣಾ, ಹಳೇ ಗೇಮ್‌ದು ಒಂದು ಸೂಪರ್ ಮಾಡ್ ನನ್ನ ಹಾರ್ಡ್‌ಡಿಸ್ಕಲ್ಲಿದೆ. ಲಿಂಕ್ ಸತ್ತು ವರ್ಷಗಳಾಯ್ತು, ಬರೆದವ್ರು ಎಲ್ಲಿದಾರೋ ಗೊತ್ತಿಲ್ಲ, ಮೇಲ್ ಹಾಕಿದ್ರೆ ವಾಪಸ್ ಬರುತ್ತೆ. ನಾನು ಅಪ್ಲೋಡ್ ಮಾಡ್ಲಾ?

ಉತ್ತರ: ಜಿಪ್ ಬಿಚ್ಚಿ ನೋಡಪ್ಪ ಮೊದ್ಲು, ಒಳಗೆ ರೀಡ್‌ಮಿ ಫೈಲ್ ಇದ್ಯಾ ಅಂತ. ಯಾರೂ ಓದಲ್ಲ ಅದನ್ನ, ಆದ್ರೆ ನಿನ್ನ ಪ್ರಶ್ನೆಗೆ ಉತ್ತರ ಅಲ್ಲೇ ಇರೋ ಚಾನ್ಸ್ ಜಾಸ್ತಿ. 1993ರಲ್ಲಿ ಡೂಮ್ ಬಂದ್ಮೇಲೆ ಅದಕ್ಕೆ ಲೆವೆಲ್ ಮಾಡೋರು ಜೊತೆಗೆ ಒಂದು ಟೆಕ್ಸ್ಟ್ ಫೈಲ್ ಇಡೋ ಪದ್ಧತಿ ಬಂತು, ಅದ್ರಲ್ಲಿ ಈ ಲೆವೆಲ್ ಮೇಲೆ ಬೇರೆಯವ್ರು ಹೊಸದು ಕಟ್ಬಹುದಾ ಇಲ್ವಾ, ಈ ಟೆಕ್ಸ್ಟ್ ಫೈಲನ್ನ ಬದಲಾಯಿಸದೆ ಜೊತೇಲಿಟ್ರೆ ಹಂಚ್ಬಹುದಾ ಅಂತ ಸ್ಪಷ್ಟವಾಗಿ ಬರೆದಿರ್ತಿತ್ತು. ಕೇಳೋಕೆ ಆಗದಿರೋ ಕಾಲ ಬರುತ್ತೆ ಅಂತ ಮೊದ್ಲೇ ಯೋಚಿಸಿದಾರೆ ಆ ಹುಡುಗ್ರು!

ಮಾಡ್ ಹಂಚೋ ಸೈಟ್ ನೆಕ್ಸಸ್ ಮಾಡ್ಸ್‌ನಲ್ಲೂ ಪ್ರತಿ ಮಾಡ್ ಪುಟದಲ್ಲಿ ಪರ್ಮಿಷನ್ ಪಟ್ಟಿ ಇದೆ: ಬೇರೆ ಸೈಟಿಗೆ ಹಾಕ್ಬಹುದಾ, ತಿದ್ದಬಹುದಾ, ಬೇರೆ ಗೇಮಿಗೆ ಒಗ್ಗಿಸ್ಬಹುದಾ, ಒಳಗಿರೋ ಮಾಡೆಲ್ ಟೆಕ್ಸ್ಚರ್ ತಗೋಬಹುದಾ. ಹಾಕ್ಬಾರ್ದು ಅಂತ ಇದ್ರೆ ಮುಗೀತು, ಮನುಷ್ಯ ಸಿಕ್ಲಿಲ್ಲ ಅಂತ ಅದು ಹೌದು ಆಗಲ್ಲ.

ಏನೂ ಬರೆದೇ ಇಲ್ಲ ಅಂದ್ರೆ? ಕಾನೂನು ಪ್ರಕಾರ ಅದೂ ಇಲ್ಲ ಅಂತಾನೇ ಲೆಕ್ಕ, ಕಾಪಿರೈಟಿಗೆ ಅರ್ಜಿ ಹಾಕ್ಬೇಕು, ನೋಂದಣಿ ಮಾಡಿಸ್ಬೇಕು ಅಂತಿಲ್ಲ, ಬರೆದ ಕ್ಷಣ ಬರುತ್ತೆ, ಕಾಪಿರೈಟ್ ಬಗ್ಗೆ ದೇಶಗಳ ಮಧ್ಯೆ ಇರೋ ಬರ್ನ್ ಒಪ್ಪಂದಕ್ಕೆ ಸೇರಿರೋ ದೇಶಗಳಲ್ಲೆಲ್ಲ ಹಂಗೇ. ಆದ್ರೆ ಕಳೆದುಹೋಗೋಕೆ ಬಿಡೋದೂ ನಂಗೆ ಮನಸ್ಸಿಲ್ಲ, ಸುಳ್ಳು ಯಾಕೆ ಹೇಳ್ಲಿ. ಈ ಜಗಳ ಮಾಡ್ ಲೋಕದಲ್ಲಿ ಹಳೇದು. 2021ರಲ್ಲಿ ನೆಕ್ಸಸ್ ಇನ್ಮೇಲೆ ಮಾಡ್ ಫೈಲು ಪೂರ್ತಿ ಡಿಲೀಟ್ ಆಗಲ್ಲ, ಆರ್ಕೈವ್‌ಗೆ ಹೋಗುತ್ತೆ ಅಂದಾಗ ಎಷ್ಟೋ ಜನ ಸಿಟ್ಟಾಗಿ ಗಡುವಿನೊಳಗೆ ತಮ್ಮದನ್ನೆಲ್ಲ ತೆಗೆದು ಹೊರಟ್ರು, ಇನ್ನಷ್ಟು ಜನ ಒಳ್ಳೇದಾಯ್ತು, ಉಳೀತು ಅಂದ್ರು. ನನ್ನ ಅಭಿಪ್ರಾಯ ಕೇಳಿದ್ರೆ: ಬರೆದವ್ರು ತಾವೇ ಬೇಡ ಅಂತ ತೆಗೆದಿದ್ರೆ ಮುಟ್ಬೇಡ. ಸರ್ವರ್ ಸತ್ತು ತಾನಾಗೇ ಹೋಗಿದ್ರೆ ಆ ಗೇಮಿನ ಹಳೇ ಮಂದಿನ ವಿಚಾರಿಸು, ಯಾರಿಗಾದ್ರೂ ಅವ್ರ ಹೊಸ ವಿಳಾಸ ಗೊತ್ತಿರುತ್ತೆ. ಏನೂ ಆಗ್ಲಿಲ್ಲ, ಹಾಕ್ಲೇಬೇಕು ಅಂದ್ರೆ ರಿಸ್ಕ್ ನಿಂದು ಅಂತ ತಿಳ್ಕೊಂಡು, ಜಿಪ್ ಇದ್ದ ಹಾಗೇ, ರೀಡ್‌ಮಿ ಸಮೇತ, ಅವ್ರ ಹೆಸರಲ್ಲಿ, ಜಾಹೀರಾತಿಲ್ದೆ ಹಾಕು, ಅವ್ರು ಬಂದು ಕೇಳಿದ ದಿನ ತೆಗೀತೀನಿ ಅಂತ ಮೇಲೇನೇ ಬರಿ.

ಬರೆದವ್ರು ಇನ್ನೂ ಇದ್ದು ಮಾಡ್ ಅಪ್‌ಡೇಟ್ ಆಗ್ತಿದ್ರೆ ಬರೀ ಲಿಂಕ್ ಕೊಡು, ಫೈಲ್ ಕೊಡ್ಬೇಡ. ಬೇರೆ ಕಡೆ ಹಾಕಿದ ಕಾಪಿ ಹಳೇ ವರ್ಷನ್‌ನಲ್ಲೇ ನಿಂತಿರುತ್ತೆ, ಕ್ರ್ಯಾಶ್ ಆದಾಗ ಬೈಸ್ಕೊಳ್ಳೋರು ಬರೆದವ್ರು. ವೈರಸ್ ವಿಷಯ ಬೇರೆ. 2023ರ ಜೂನ್‌ನಲ್ಲಿ ಕರ್ಸ್‌ಫೋರ್ಜ್ ಅನ್ನೋ ಮಾಡ್ ಸೈಟಲ್ಲೇ ಕೆಲವರ ಅಕೌಂಟ್ ಹ್ಯಾಕ್ ಆಗಿ ಮೈನ್‌ಕ್ರಾಫ್ಟ್ ಮಾಡ್‌ಗಳಲ್ಲಿ ಮಾಲ್‌ವೇರ್ ಸೇರಿತ್ತು, ಅಲ್ಲಾದ್ರೆ ಗೊತ್ತಾದ ಕೂಡ್ಲೇ ತೆಗೆದ್ರು, ಯಾರೋ ಎಲ್ಲೋ ಹಾಕಿದ ಕಾಪಿನ ಯಾರು ತೆಗೀತಾರೆ?

ಪ್ರಶ್ನೆ: ಬೇರೆಯವ್ರ ಕಸ್ಟಮ್ ಡ್ರೆಸ್‌ಗೆ ಬಣ್ಣ ಬದಲಾಯಿಸಿ ದುಡ್ಡು ಕೊಡೋ ನನ್ನ ಮೆಂಬರ್‌ಗಳಿಗೆ ಮಾತ್ರ ಕೊಡ್ಬಹುದಾ? ಗೇಮ್ ಸಿಮ್ಸ್ ಫೋರ್.

ಉತ್ತರ: ಬಣ್ಣ ಬದಲಾಯಿಸೋಕೆ ಎಷ್ಟೋ ಜನ ಬಿಡ್ತಾರೆ, ಆದ್ರೆ ಮೆಶ್ ಸೇರಿಸ್ಬೇಡಿ ಅಂತಾರೆ, ಅಂದ್ರೆ ನಿಮ್ಮ ಬಣ್ಣದ ಫೈಲ್ ಮಾತ್ರ ನೀವು ಕೊಡಿ, ಡ್ರೆಸ್ಸಿನ ಆಕಾರ ಅವ್ರ ಪುಟದಿಂದ್ಲೇ ಇಳಿಸ್ಕೊಳ್ಳಲಿ. ದುಡ್ಡಿಗೆ ಅಂದ ತಕ್ಷಣ ಬಹುತೇಕ ಎಲ್ರೂ ಬೇಡ ಅಂತಾರೆ. ಸಿಮ್ಸ್ ಗೇಮಿನ ಇಎ ಕಂಪನಿನೂ 2022ರಲ್ಲಿ ಮಾಡ್‌ಗಳನ್ನ ದುಡ್ಡಿನ ಬಾಗಿಲ ಹಿಂದೆ ಇಡೋ ಹಾಗಿಲ್ಲ ಅಂತು, ಗಲಾಟೆ ಆದ್ಮೇಲೆ ಸ್ವಲ್ಪ ದಿನ ಮುಂಚಿತವಾಗಿ ಮೆಂಬರ್‌ಗಳಿಗೆ ಕೊಟ್ಟು ಆಮೇಲೆ ಎಲ್ರಿಗೂ ಫ್ರೀ ಬಿಡ್ಬಹುದು ಅಂತ ಸಡಿಲ ಮಾಡ್ತು. ಅದೂ ನಿಮ್ದೇ ಕೆಲಸ ಆಗಿದ್ರೆ.

ದುಡ್ಡು ಬಂದ ಕೂಡ್ಲೇ ಈ ಲೆಕ್ಕ ಎಷ್ಟು ಬೇಗ ಕೆಡುತ್ತೆ ಅಂತ 2015ರ ಏಪ್ರಿಲ್‌ನಲ್ಲಿ ಎಲ್ರೂ ನೋಡಿದ್ರು. ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸ್ಕೈರಿಮ್ ಅನ್ನೋ ಗೇಮಿನ ಮಾಡ್‌ಗಳನ್ನ ಮಾರೋಕೆ ಬಿಟ್ರು, ಬರೆದವ್ರಿಗೆ ಶೇಕಡಾ 25. ಶುರುವಾಗ್ತಿದ್ದ ಹಾಗೇ ಒಂದು ಮೀನು ಹಿಡಿಯೋ ಮಾಡ್ ಬೇರೊಬ್ಬರ ಫ್ರೀ ಅನಿಮೇಷನ್ ಕೆಲಸದ ಮೇಲೆ ನಿಂತಿದೆ, ಅವ್ರನ್ನ ಕೇಳಿಲ್ಲ ಅಂತ ಜಗಳ ಎದ್ದು ಅದನ್ನ ತೆಗೆದ್ರು. ಕೆಲವೇ ದಿನದಲ್ಲಿ ಇಡೀ ಯೋಜನೆನೇ ವಾಪಸ್ ತಗೊಂಡು ದುಡ್ಡು ಹಿಂದಿರುಗಿಸಿದ್ರು. ಫ್ರೀ ಇದ್ದಾಗ ಹೋಗ್ಲಿ ಬಿಡು ಅಂದವ್ರೂ ದುಡ್ಡಿದ್ದಾಗ ಅನ್ನಲ್ಲ, ಅನ್ನಬೇಕಾಗೂ ಇಲ್ಲ.

ಪ್ರಶ್ನೆ: ಒಂದು ಹಳೇ ಜಪಾನೀಸ್ ಗೇಮಿಗೆ ಫ್ಯಾನ್‌ಗಳು ಇಂಗ್ಲಿಷ್ ಅನುವಾದ ಮಾಡಿದಾರೆ. ಅದನ್ನ ಇಟ್ಕೊಂಡು ಕನ್ನಡ ಮಾಡ್ಬೇಕು ಅಂತ ಆಸೆ. ಇಂಗ್ಲಿಷ್ ತಂಡವನ್ನ ಕೇಳ್ಬೇಕಾ?

ಉತ್ತರ: ಕೇಳಿ, ಖಂಡಿತ ಕೇಳಿ. ಎರಡು ಕಾರಣ. ಒಂದು, ನೀವು ಜಪಾನೀಸ್ ಓದ್ತಿಲ್ಲ, ಅವ್ರ ವಾಕ್ಯ ಓದ್ತಿದೀರಿ, ಜೋಕುಗಳು ಹೆಸರುಗಳು ಎಲ್ಲಾ ಅವ್ರು ಯೋಚಿಸಿದ್ದು. ಎರಡನೇದು ಜನಕ್ಕೆ ಹೊಳೆಯಲ್ಲ: ಆ ಪ್ಯಾಚಲ್ಲಿ, ಅಂದ್ರೆ ಗೇಮಲ್ಲಿ ಬದಲಾದ ಭಾಗ ಮಾತ್ರ ಇರೋ ಫೈಲಲ್ಲಿ, ಅನುವಾದ ಮಾತ್ರ ಇರಲ್ಲ, ಉದ್ದದ ಮಾತು ಡೈಲಾಗ್ ಬಾಕ್ಸಲ್ಲಿ ಹಿಡಿಯೋ ಹಾಗೆ ಒಬ್ಬ ಪ್ರೋಗ್ರಾಮರ್ ಫಾಂಟು ಕೋಡು ತಿದ್ದಿರ್ತಾನೆ, ಅದ್ರ ಮೇಲೇ ನಿಮ್ದು ನಿಲ್ಲೋದು. ಕೇಳಿದ್ರೆ ಸ್ಕ್ರಿಪ್ಟು, ಟೂಲ್ಸೇ ಕೊಡ್ಬಹುದು, ನಿಮ್ಮ ಕೆಲಸ ಅರ್ಧ ಆಗುತ್ತೆ. ಬೇಕು ಕೂಡ, ಎಂಟಕ್ಕೆಂಟು ಪಿಕ್ಸೆಲ್ ಚೌಕದಲ್ಲಿ ನಮ್ಮ ಒತ್ತಕ್ಷರ ಕೂರಿಸೋದು ಇದ್ಯಲ್ಲ, ದೇವ್ರೇ ಕಾಪಾಡ್ಬೇಕು.

ಕ್ರೆಡಿಟ್‌ನಲ್ಲಿ ಸರಪಳಿ ಪೂರ್ತಿ ಬರ್ಬೇಕು, ಮೂಲ ಗೇಮು, ಇಂಗ್ಲಿಷ್ ತಂಡ, ಕೋಡ್ ತಿದ್ದಿದವ್ರು, ಆಮೇಲೆ ನೀವು. ಹಂಚೋದು ಪ್ಯಾಚ್ ಮಾತ್ರ, ಐಪಿಎಸ್ ಅಥವಾ ಬಿಪಿಎಸ್ ಫೈಲು, ಪೂರ್ತಿ ಗೇಮ್ ಯಾವತ್ತೂ ಅಲ್ಲ. ಬಿಪಿಎಸ್ ಒಳ್ಳೇದು, ತಪ್ಪು ವರ್ಷನ್‌ಗೆ ಹಾಕಿದ್ರೆ ಅದೇ ಹೇಳುತ್ತೆ. ಇಷ್ಟೆಲ್ಲಾ ಮಾಡಿದ್ರೂ ಕಂಪನಿ ಬೇಡ ಅನ್ನಬಹುದು. 2016ರ ಆಗಸ್ಟ್‌ನಲ್ಲಿ ಮೆಟ್ರಾಯ್ಡ್ ಟೂ ಗೇಮನ್ನ ವರ್ಷಗಟ್ಟಲೆ ಕೂತು ಹೊಸದಾಗಿ ಕಟ್ಟಿದ ಫ್ಯಾನ್ ರೀಮೇಕ್ ಬಿಡುಗಡೆ ಆದ ಕೆಲವೇ ದಿನದಲ್ಲಿ ನಿಂಟೆಂಡೊ ಡೌನ್‌ಲೋಡ್ ಲಿಂಕ್ ತೆಗೆಸ್ತು. ಅದನ್ನ ತಿಳ್ಕೊಂಡೇ ಕೈ ಹಾಕಿ.

ಪ್ರಶ್ನೆ: ಮಾಡ್ ಹಾಕ್ಕೊಂಡು ಆಡಿದ ವಿಡಿಯೋ ಅಪ್ಲೋಡ್ ಮಾಡೋಕೂ ಪರ್ಮಿಷನ್ ಬೇಕಾ?

ಉತ್ತರ: ಸಾಮಾನ್ಯವಾಗಿ ಮಾಡ್ ಬರೆದವ್ರು ಖುಷಿ ಪಡ್ತಾರೆ, ಡಿಸ್ಕ್ರಿಪ್ಷನ್‌ನಲ್ಲಿ ಹೆಸರು, ಲಿಂಕ್ ಹಾಕಿ ಸಾಕು. ಪುಟದಲ್ಲಿ ವಿಡಿಯೋ ಬೇಡ ಅಂತಿದ್ರೆ ಬೇಡ. ಮಾಡ್ ಒಳಗೆ ಸಿನಿಮಾ ಹಾಡು ಇದ್ರೆ ಆಫ್ ಮಾಡಿ ಆಡಿ, ಇಲ್ಲಾಂದ್ರೆ ಹಾಡಿನವ್ರಿಂದ ಕಾಪಿರೈಟ್ ಕ್ಲೇಮ್ ಬರುತ್ತೆ.

ಪ್ರಶ್ನೆ: ಉಲ್ಟಾ ಕೇಸ್ ಮೇಡಂ ಅಥವಾ ಸರ್! ನಾನು ಮಾಡಿದ ಸ್ಕಿನ್‌ನ (ಕ್ಯಾರೆಕ್ಟರ್‌ಗೆ ಹೊಸ ಮೈಬಣ್ಣ, ವೇಷ ಕೊಡೋ ಚಿತ್ರ) ಒಬ್ಬ ತನ್ನದು ಅಂತ ಹಾಕಿದಾನೆ. ಬೈದು ಪೋಸ್ಟ್ ಹಾಕ್ಲಾ?

ಉತ್ತರ: ಬೈಯೋಕೆ ಮುಂಚೆ ಸ್ಕ್ರೀನ್‌ಶಾಟ್ ತಗೊಳ್ಳಿ, ತಾರೀಖು ಕಾಣೋ ಹಾಗೆ. ನಿಮ್ಮ ಲೇಯರ್ ಇರೋ ಮೂಲ ಫೈಲು ಜೋಪಾನ, ಕದ್ದವ್ನ ಹತ್ರ ಅದು ಇರಲ್ಲ. ಆಮೇಲೆ ಸಮಾಧಾನವಾಗಿ ಒಂದು ಮೆಸೇಜ್, ಎಷ್ಟೋ ಸಲ ಹುಡುಗ್ರು ಗೊತ್ತಿಲ್ದೆ ಮಾಡಿರ್ತಾರೆ, ಸಾರಿ ಅಂತ ತೆಗೀತಾರೆ. ತೆಗೀದಿದ್ರೆ ಸೈಟಿನ ರಿಪೋರ್ಟ್ ಫಾರಂ. ಅಮೆರಿಕದ ಸೈಟ್‌ಗಳು 1998ರ ಡಿಎಂಸಿಎ ಅನ್ನೋ ಕಾಪಿರೈಟ್ ಕಾಯ್ದೆ ಪ್ರಕಾರ ನಡೀತಾವೆ, ನೀವು ನೋಟಿಸ್ ಕೊಟ್ರೆ ತೆಗೀತಾರೆ, ಅವ್ನು ಎದುರು ನೋಟಿಸ್ ಕೊಟ್ಟು ನೀವು ಕೋರ್ಟಿಗೆ ಹೋಗ್ಲಿಲ್ಲ ಅಂದ್ರೆ 10ರಿಂದ 14 ಕೆಲಸದ ದಿನದೊಳಗೆ ವಾಪಸ್ ಹಾಕ್ತಾರೆ. ನೋಟಿಸಲ್ಲಿ ನಿಮ್ಮ ನಿಜವಾದ ಹೆಸರು ವಿಳಾಸ ಕೊಡ್ಬೇಕಾಗುತ್ತೆ, ಅದು ಎದುರಿನವ್ನಿಗೂ ತಲುಪಬಹುದು, ಚಿಕ್ಕವರಾಗಿದ್ರೆ ಮನೇಲಿ ದೊಡ್ಡವ್ರನ್ನ ಕೂರಿಸ್ಕೊಂಡು ತುಂಬಿ. ಮತ್ತೆ ನಾನು ಸರ್ರೇ, ಮೇಡಂ ಅಲ್ಲ.